ಸೈಬರ್‌ಜಯಾಗೆ ಎಷ್ಟು ಹೊತ್ತು?

ಮಲೇಷ್ಯಾದ ಸೈಬರ್‌ಜಯಾದಲ್ಲಿ ಕೆಲಸ ಸಿಕ್ಕಿತು ಎಂದು ಮಗಳು ಹೇಳಿದ ಕೂಡಲೇ ಮನೆಯ ಹಿರಿಯರು ಕೇಳುವುದು ಎರಡೇ ಪ್ರಶ್ನೆ: ಎಷ್ಟು ದೂರ, ವಿಮಾನದಲ್ಲಿ ಎಷ್ಟು ಹೊತ್ತು? ಫೋನಿನಲ್ಲಿ ಬೆರಳಾಡಿಸಿದರೆ ಉತ್ತರ ಸಿದ್ಧ. ಸೈಬರ್‌ಜಯಾಗೆ ಸ್ವಂತ ವಿಮಾನ ನಿಲ್ದಾಣವಿಲ್ಲ. ಹತ್ತಿರದ್ದು ಸೆಪಾಂಗ್‌ನಲ್ಲಿರುವ ಕೌಲಾಲಂಪುರ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ, ಅಲ್ಲಿಯವರ ಬಾಯಲ್ಲಿ ಕೆಎಲ್‌ಐಎ. ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣದಿಂದ ಅಲ್ಲಿಗೆ ಸುಮಾರು 2,880 ಕಿಲೋಮೀಟರ್, ನಾಲ್ಕು ಗಂಟೆಯ ಹಾರಾಟ. ಅಷ್ಟೇ ತಾನೆ ಎಂದು ಅಜ್ಜಿಯೂ ಸಮಾಧಾನಗೊಳ್ಳುತ್ತಾರೆ.

ಗೊಂದಲ ಶುರುವಾಗುವುದು ಟಿಕೆಟ್ ಕೈಗೆ ಬಂದ ಮೇಲೆ. ಒಂದು ಉದಾಹರಣೆ ಹಿಡಿಯೋಣ. ಬೆಂಗಳೂರಿನಿಂದ ರಾತ್ರಿ 11:50ಕ್ಕೆ ಹೊರಟು ಬೆಳಿಗ್ಗೆ 6:30ಕ್ಕೆ ತಲುಪುತ್ತದೆ ಎಂದು ಹೋಗುವ ಟಿಕೆಟ್ ಹೇಳುತ್ತದೆ. ರಾತ್ರಿ 9 ಗಂಟೆಗೆ ಹೊರಟು 10:40ಕ್ಕೆ ಬೆಂಗಳೂರು ಸೇರುತ್ತದೆ ಎಂದು ಬರುವ ಟಿಕೆಟ್ ಹೇಳುತ್ತದೆ. ಹೋಗಲು ಆರು ಗಂಟೆ ನಲವತ್ತು ನಿಮಿಷ, ಬರಲು ಒಂದು ಗಂಟೆ ನಲವತ್ತು ನಿಮಿಷ! ಎರಡೂ ಕಡೆಯ ಗಡಿಯಾರಗಳ ನಡುವೆ ಎರಡೂವರೆ ಗಂಟೆ ವ್ಯತ್ಯಾಸವಿದೆ ಎಂದು ಗೊತ್ತಿದ್ದವರು ಇದನ್ನು ಬಿಡಿಸಿಕೊಳ್ಳುತ್ತಾರೆ. ಗೊತ್ತಿಲ್ಲದವರಿಗೂ ಒಂದು ಉಪಾಯ ಉಂಟು. ಎರಡೂ ಅಂಕಿಗಳನ್ನು ಕೂಡಿಸಿ ಅರ್ಧ ಮಾಡಿ. ಎಂಟು ಗಂಟೆ ಇಪ್ಪತ್ತು ನಿಮಿಷದ ಅರ್ಧ ನಾಲ್ಕು ಗಂಟೆ ಹತ್ತು ನಿಮಿಷ. ನಿಜವಾದ ಪ್ರಯಾಣ ಅದೇ. ಹೋಗುವಾಗ ಗಡಿಯಾರ ಕೂಡಿಸಿದ್ದನ್ನು ಬರುವಾಗ ಕಳೆಯುತ್ತದೆ, ಹಾಗಾಗಿ ಸರಾಸರಿಯಲ್ಲಿ ಅದು ಅಳಿಸಿಹೋಗುತ್ತದೆ. ಜಗತ್ತಿನ ಯಾವ ಎರಡು ಊರಿನ ನಡುವೆಯೂ ಈ ಲೆಕ್ಕ ಹೆಚ್ಚುಕಡಿಮೆ ನಡೆಯುತ್ತದೆ.

ಮೊದಲು ದೂರದ ವಿಷಯ ಮುಗಿಸಿಬಿಡೋಣ, ಅದರಲ್ಲಿ ಜಗಳ ಕಡಿಮೆ. ಎರಡು ನಿಲ್ದಾಣಗಳ ಅಕ್ಷಾಂಶ ರೇಖಾಂಶ ಗೊತ್ತಿದ್ದರೆ ಸಾಕು. ದೇವನಹಳ್ಳಿ 13.2 ಡಿಗ್ರಿ ಉತ್ತರ, 77.7 ಡಿಗ್ರಿ ಪೂರ್ವ. ಸೆಪಾಂಗ್ 2.7 ಡಿಗ್ರಿ ಉತ್ತರ, 101.7 ಡಿಗ್ರಿ ಪೂರ್ವ. ಭೂಮಿಯ ಕೇಂದ್ರದಲ್ಲಿ ಕುಳಿತು ಇವೆರಡನ್ನೂ ನೋಡುವವನೊಬ್ಬನಿದ್ದರೆ ಅವನ ಕಣ್ಣಿನಲ್ಲಿ ಇವುಗಳ ನಡುವಿನ ಕೋನ ಸುಮಾರು 26 ಡಿಗ್ರಿ. ಒಂದು ಡಿಗ್ರಿಗೆ ನೆಲದ ಮೇಲೆ 111 ಕಿ.ಮೀ. ಚಿಲ್ಲರೆ. ಗುಣಿಸಿದರೆ 2,880ರ ಆಸುಪಾಸು ಬರುತ್ತದೆ. ವಿಮಾನದವರು ಕಿಲೋಮೀಟರ್ ಎಣಿಸುವುದಿಲ್ಲ, ನಾಟಿಕಲ್ ಮೈಲಿ ಎಣಿಸುತ್ತಾರೆ. ಅದು 1,852 ಮೀಟರ್. ಒಂದು ಡಿಗ್ರಿಗೆ ಅರವತ್ತು ಮೈಲಿ ಬರುವಂತೆ ಹೊಂದಿಸಿಕೊಂಡ ಅಳತೆ. ಅವರ ಲೆಕ್ಕದಲ್ಲಿ ಇದು 1,556 ಮೈಲಿ.

ಇಂಥ ದೂರವನ್ನು ಗೋಳದ ಮೇಲೆ ದಾರ ಎಳೆದು ಹಿಡಿದಂತೆ ಅಳೆಯಬೇಕು, ಗೋಡೆಯ ನಕಾಶೆಯ ಮೇಲೆ ಸ್ಕೇಲು ಇಟ್ಟಲ್ಲ ಎನ್ನುವುದು ಹೈಸ್ಕೂಲಿನ ಪಾಠ. ಬೆಂಗಳೂರು–ಸಾನ್ ಫ್ರಾನ್ಸಿಸ್ಕೊ ದಾರಿಯಲ್ಲಿ ಈ ಪಾಠ ಬೆರಗು ಹುಟ್ಟಿಸುತ್ತದೆ. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರ ತಂಡ, ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಮಹಿಳೆಯರೇ, ಏರ್ ಇಂಡಿಯಾ ವಿಮಾನವನ್ನು ಅಲ್ಲಿಂದ ಉತ್ತರ ಧ್ರುವದ ಮೇಲಿಂದ ಹಾರಿಸಿಕೊಂಡು ಬೆಂಗಳೂರಿಗೆ ತಂದರು. ನಕಾಶೆಯಲ್ಲಿ ಅಡ್ಡಕ್ಕಿರುವ ಊರಿಗೆ ಹೋಗಲು ಉದ್ದಕ್ಕೆ ಮೇಲೇರಬೇಕು! ಕೌಲಾಲಂಪುರದ ದಾರಿಯಲ್ಲಿ ಆ ಚಮತ್ಕಾರವಿಲ್ಲ. ಭೂಮಧ್ಯರೇಖೆಗೆ ಇಷ್ಟು ಹತ್ತಿರದಲ್ಲಿ, ಇಷ್ಟು ಸಣ್ಣ ದೂರಕ್ಕೆ, ನಕಾಶೆಯ ನೇರ ಗೆರೆಗೂ ಗೋಳದ ಮೇಲಿನ ದಾರಕ್ಕೂ ಉದ್ದದಲ್ಲಿ ಒಂದೆರಡು ಕಿಲೋಮೀಟರಿನ ಅಂತರವೂ ಬರುವುದಿಲ್ಲ. ಆ ಮಟ್ಟಿಗೆ ಇದು ನೇರ, ಸರಳ ದಾರಿ.

ಹಾಗೆಂದು ವಿಮಾನ ದಾರದ ಮೇಲೆಯೇ ಹಾರುತ್ತದೆ ಎನ್ನುವಂತಿಲ್ಲ. ಆಕಾಶದಲ್ಲೂ ರಸ್ತೆಗಳಿವೆ, ರಸ್ತೆಗಳಿಗೆ ಅಕ್ಷರ–ಅಂಕಿಯ ಹೆಸರಿದೆ, ತಿರುವುಗಳಿಗೆ ಐದಕ್ಷರದ ಅರ್ಥವಿಲ್ಲದ ಹೆಸರಿದೆ. ಕೆಂಪೇಗೌಡ ನಿಲ್ದಾಣದ ಎರಡು ರನ್‌ವೇಗಳೂ ಪೂರ್ವ–ಪಶ್ಚಿಮಕ್ಕೆ ಮಲಗಿವೆ. ಎರಡನೆಯದು ಬಳಕೆಗೆ ಬಂದದ್ದು 2019ರ ಡಿಸೆಂಬರಿನಲ್ಲಿ. ಗಾಳಿ ಪೂರ್ವದಿಂದ ಬೀಸುತ್ತಿದ್ದರೆ ವಿಮಾನ ಪೂರ್ವಕ್ಕೇ ಏರಿ ದಾರಿ ಹಿಡಿಯುತ್ತದೆ. ಪಶ್ಚಿಮದಿಂದ ಬೀಸಿದರೆ ತುಮಕೂರಿನ ಕಡೆಗೆ ಏರಿ, ಸುತ್ತು ಹಾಕಿ, ಮತ್ತೆ ಬೆಂಗಳೂರನ್ನು ದಾಟಿಕೊಂಡು ಹೊರಡಬೇಕು. ಒಂದಷ್ಟು ನಿಮಿಷ ಅಲ್ಲೇ ಹೋಯಿತು. ಸೆಪಾಂಗ್‌ನಲ್ಲಿ ಮೂರು ರನ್‌ವೇ, ಎಲ್ಲವೂ ವಾಯವ್ಯ–ಆಗ್ನೇಯ. ಅಲ್ಲಿಯೂ ಅದೇ ಕತೆ.

ದಾರವನ್ನೇ ನೆಚ್ಚಿ ಕೆಳಗೆ ನೋಡಿದರೆ ಈ ದಾರಿ ಬಲು ಸ್ವಾರಸ್ಯಕರ. ದೇವನಹಳ್ಳಿಯಿಂದ ಆಗ್ನೇಯಕ್ಕೆ ಹೊರಟ ಗೆರೆ ಚೆನ್ನೈ ಮತ್ತು ಪುದುಚೇರಿಯ ನಡುವೆ ಎಲ್ಲೋ ಕರಾವಳಿ ದಾಟುತ್ತದೆ. ಆಮೇಲೆ ಬಂಗಾಳ ಕೊಲ್ಲಿ. ಸುಮಾರು ಎರಡು ಗಂಟೆ ಕೆಳಗೆ ನೀರು ಬಿಟ್ಟರೆ ಏನೂ ಇಲ್ಲ. ಊಟ ಬರುವುದು, ದೀಪ ಆರುವುದು, ಪಕ್ಕದವರು ಹೆಗಲಿಗೆ ಒರಗುವುದು ಎಲ್ಲ ಆಗಲೇ. ನೀರು ಮುಗಿಯುವ ಜಾಗದಲ್ಲಿ ಗೆರೆ ಎಡಕ್ಕೆ ಗ್ರೇಟ್ ನಿಕೋಬಾರಿನ ತುದಿಯನ್ನೂ ಬಲಕ್ಕೆ ಸುಮಾತ್ರಾದ ಬಂಡಾ ಆಚೆಯನ್ನೂ ಬಿಟ್ಟು, ಎರಡರ ನಡುವಿನ ಕಡಲಿನ ಮೇಲೆ ತೂರಿಹೋಗುತ್ತದೆ. ಗ್ರೇಟ್ ನಿಕೋಬಾರಿನ ತುದಿ ಎಂದರೆ ಇಂದಿರಾ ಪಾಯಿಂಟ್, ಭಾರತದ ಕಟ್ಟಕಡೆಯ ನೆಲ. 2004ರ ಡಿಸೆಂಬರ್ 26ರ ಭೂಕಂಪ, ಸುನಾಮಿಗಳಲ್ಲಿ ಆ ತುದಿ ನಾಲ್ಕು ಮೀಟರಿಗೂ ಹೆಚ್ಚು ಕುಸಿಯಿತು. ಅಲ್ಲಿಯ ದೀಪಸ್ತಂಭದ ಬುಡ ನೀರಿಗಿಳಿಯಿತು. ಬಂಡಾ ಆಚೆ ಆ ದಿನ ಅತಿ ಹೆಚ್ಚು ಜೀವ ಕಳೆದುಕೊಂಡ ಊರು. ರಾತ್ರಿಯ ವಿಮಾನದಲ್ಲಿ ಕಿಟಕಿಯಾಚೆ ಇದೇನೂ ಕಾಣುವುದಿಲ್ಲ, ಆದರೂ ಮುಂದಿನ ಪರದೆಯ ನಕಾಶೆಯಲ್ಲಿ ಈ ಎರಡು ಹೆಸರು ಬಂದಾಗ ಒಂದು ಗಳಿಗೆ ನಿಂತು ನೋಡುವಂಥದ್ದು. ನಂತರ ಮಲಾಕ್ಕಾ ಜಲಸಂಧಿ, ಎಡಗಡೆ ಪೆನಾಂಗ್ ದಿಕ್ಕು, ಇಳಿಯಲು ಶುರು.

ಎರಡೂವರೆ ಗಂಟೆಯ ಗುಟ್ಟು ಇರುವುದೂ ಇದೇ ಜಾಗದಲ್ಲಿ. ನನಗೆ ಈ ದಾರಿಯಲ್ಲಿ ಎಲ್ಲಕ್ಕಿಂತ ರುಚಿಸಿದ್ದು ಇದು, ಹಾಗಾಗಿ ಸ್ವಲ್ಪ ನಿಧಾನಿಸುತ್ತೇನೆ.

ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ ಬೇಕು. ದೇವನಹಳ್ಳಿಗೂ ಸೆಪಾಂಗ್‌ಗೂ ರೇಖಾಂಶದಲ್ಲಿ 24 ಡಿಗ್ರಿ ಅಂತರ. ಎಂದರೆ ಅಲ್ಲಿ ಸೂರ್ಯ ನೆತ್ತಿಗೆ ಬಂದ 96 ನಿಮಿಷದ ಮೇಲೆ ನಮ್ಮಲ್ಲಿ ನೆತ್ತಿಗೆ ಬರುತ್ತಾನೆ. ಸೂರ್ಯನ ಲೆಕ್ಕದಲ್ಲಿ ವ್ಯತ್ಯಾಸ ಒಂದು ಗಂಟೆ ಮೂವತ್ತಾರು ನಿಮಿಷ. ಗಡಿಯಾರದ ಲೆಕ್ಕದಲ್ಲಿ 150 ನಿಮಿಷ. ಉಳಿದ 54 ನಿಮಿಷ ಎಲ್ಲಿಂದ ಬಂತು? ಸರ್ಕಾರಗಳಿಂದ ಬಂತು.

ಆ 54ರಲ್ಲಿ ನಮ್ಮ ಪಾಲೂ ಇದೆ, ಆದರೆ ನಮ್ಮದು ಉಲ್ಟಾ ಪಾಲು. ಭಾರತದ ಸಮಯ 82.5 ಡಿಗ್ರಿ ರೇಖೆಯದು. ಬೆಂಗಳೂರು ಅದಕ್ಕಿಂತ ಪಶ್ಚಿಮಕ್ಕಿರುವುದರಿಂದ ನಮ್ಮ ಗಡಿಯಾರ ಸೂರ್ಯನಿಗಿಂತ ಸುಮಾರು 19 ನಿಮಿಷ ಮುಂದೆ ಓಡುತ್ತದೆ. ಮಲೇಷ್ಯಾದ್ದು 120 ಡಿಗ್ರಿ ರೇಖೆಯ ಸಮಯ. ಆ ರೇಖೆ ಮಲಯ ಪರ್ಯಾಯ ದ್ವೀಪದ ಹತ್ತಿರಕ್ಕೂ ಸುಳಿಯುವುದಿಲ್ಲ, ಬೋರ್ನಿಯೊ ದ್ವೀಪವನ್ನೂ ದಾಟಿ ಪೂರ್ವಕ್ಕಿದೆ. ಅದರಿಂದಾಗಿ ಕೌಲಾಲಂಪುರದ ಗಡಿಯಾರ ಅಲ್ಲಿನ ಸೂರ್ಯನಿಗಿಂತ ಒಂದು ಗಂಟೆ ಹದಿಮೂರು ನಿಮಿಷ ಮುಂದಿದೆ. ಸೈಬರ್‌ಜಯಾದಲ್ಲಿ ನಡುಮಧ್ಯಾಹ್ನ ಆಗುವುದು ಗಡಿಯಾರದ ಒಂದೂಕಾಲಿಗೆ. ವರ್ಷವಿಡೀ ಸೂರ್ಯ ಹುಟ್ಟುವುದು ಬೆಳಿಗ್ಗೆ ಏಳರ ಆಸುಪಾಸಿಗೋ ಏಳೂವರೆಯೊಳಗೋ. ಭೂಮಧ್ಯರೇಖೆಯ ಪಕ್ಕದ ಊರಿನಲ್ಲಿ ಆರಕ್ಕೆ ಬೆಳಗಾಗಬೇಕಲ್ಲವೇ ಎಂದು ಹೊಸದಾಗಿ ಹೋದವರು ತಬ್ಬಿಬ್ಬಾಗುತ್ತಾರೆ. ಸೂರ್ಯ ಹುಟ್ಟುವ ಮುಂಚೆಯೇ ಮಕ್ಕಳನ್ನು ಶಾಲೆಗೆ ಎಬ್ಬಿಸುವ ಅಲ್ಲಿನ ತಾಯಂದಿರಿಗೆ ಕತ್ತಲೆಯಲ್ಲೇ ದಿನ ಶುರು.

ಅದು ಹಾಗೆ ಆದದ್ದು ಒಂದೇ ದಿನದಲ್ಲಲ್ಲ. 1905ರಲ್ಲಿ ಬ್ರಿಟಿಷರ ಮಲಯದ ಸಮಯ ಗ್ರೀನಿಚ್‌ಗಿಂತ ಏಳು ಗಂಟೆ ಮುಂದಿತ್ತು. ಅದು ಸೂರ್ಯನಿಗೆ ತಕ್ಕ ಲೆಕ್ಕ. 1933ರಲ್ಲಿ ಇಪ್ಪತ್ತು ನಿಮಿಷ ಮುಂದೆ ತಳ್ಳಿದರು. 1941ರಲ್ಲಿ ಇನ್ನೂ ಹತ್ತು ನಿಮಿಷ. ಮರುವರ್ಷ ಮಲಯವನ್ನು ಗೆದ್ದ ಜಪಾನೀಯರು ಗಡಿಯಾರವನ್ನು ಟೋಕಿಯೊಗೆ ಹೊಂದಿಸಿದರು. ಯುದ್ಧ ಮುಗಿದು ಅವರು ಹೋದ ಮೇಲೆ ಮತ್ತೆ ಏಳೂವರೆಗೆ ಬಂತು. ಆಗ ಭಾರತಕ್ಕೂ ಮಲಯಕ್ಕೂ ಅಂತರ ಸರಿಯಾಗಿ ಎರಡು ಗಂಟೆ. ಕೊನೆಗೆ 1981ರ ಡಿಸೆಂಬರ್ 31ರ ರಾತ್ರಿ ಹನ್ನೊಂದೂವರೆಗೆ ಪರ್ಯಾಯ ದ್ವೀಪದ ಗಡಿಯಾರಗಳನ್ನು ಹನ್ನೆರಡಕ್ಕೆ ತಿರುಗಿಸಲಾಯಿತು. ಆ ವರ್ಷದ ಕೊನೆಯ ಅರ್ಧ ಗಂಟೆ ಅಲ್ಲಿ ನಡೆಯಲೇ ಇಲ್ಲ. ಅದೇ ವರ್ಷ ಪ್ರಧಾನಿಯಾಗಿದ್ದ ಮಹಾತೀರ್ ಮೊಹಮದ್ ಅವರ ಸರ್ಕಾರಕ್ಕೆ ಪೂರ್ವದ ಸಬಾ, ಸರವಾಕ್ ರಾಜ್ಯಗಳೂ ಪರ್ಯಾಯ ದ್ವೀಪವೂ ಒಂದೇ ಸಮಯದಲ್ಲಿರಬೇಕಿತ್ತು. ದೇಶ ಒಂದು, ಗಡಿಯಾರ ಒಂದು. ಸಿಂಗಪುರ ಹಿಂದೆಯೇ ಹೆಜ್ಜೆ ಹಾಕಿತು.

ಈಗ ವಿಮಾನದ ಗೆರೆಗೆ ವಾಪಸ್ಸು ಬನ್ನಿ. ಗ್ರೇಟ್ ನಿಕೋಬಾರಿನಲ್ಲಿ ಭಾರತದ ಸಮಯ. ಅಲ್ಲಿಂದ ಸುಮಾರು 200 ಕಿ.ಮೀ. ಆಚೆಯ ಬಂಡಾ ಆಚೆಯಲ್ಲಿ ಇಂಡೊನೇಷ್ಯಾದ ಪಶ್ಚಿಮ ವಲಯದ ಸಮಯ. ಸೂರ್ಯನಿಗೆ ಇವೆರಡರ ನಡುವೆ ಆರು ನಿಮಿಷದ ಅಂತರ. ಗಡಿಯಾರಕ್ಕೆ ಒಂದೂವರೆ ಗಂಟೆ! ಮುಂದೆ ಮಲಾಕ್ಕಾ ಜಲಸಂಧಿ. ಸುಮಾತ್ರಾದ ಮೇಡಾನ್‌ಗೂ ಆಚೆ ದಡದ ಪೆನಾಂಗ್‌ಗೂ ಸೂರ್ಯನ ಲೆಕ್ಕದಲ್ಲಿ ಆರೇಳು ನಿಮಿಷ, ಗಡಿಯಾರದ ಲೆಕ್ಕದಲ್ಲಿ ಇನ್ನೊಂದು ಗಂಟೆ. ಬೆಂಗಳೂರಿನಿಂದ ಹೊರಟು ನೀರಿನ ಮೇಲೆ ಎರಡು ಗಂಟೆ ಹಾರಿದರೂ ಬದಲಾಗದ ಗಡಿಯಾರ ಎರಡು ಕಡಲಪಟ್ಟಿ ದಾಟುವಷ್ಟರಲ್ಲಿ ಎರಡೂವರೆ ಗಂಟೆ ಜಿಗಿಯುತ್ತದೆ. ವಿಮಾನದೊಳಗಿದ್ದವರಿಗೆ ಇದರ ಸುಳಿವೂ ಇರುವುದಿಲ್ಲ. ಇಳಿದ ಮೇಲೆ ಫೋನು ತಾನಾಗಿಯೇ ತಿದ್ದಿಕೊಳ್ಳುತ್ತದೆ, ನಿದ್ದೆ ತಿದ್ದಿಕೊಳ್ಳುವುದಿಲ್ಲ. ನಾಲ್ಕು ಗಂಟೆಯ ಪ್ರಯಾಣದಲ್ಲಿ ಊಟ, ಏರಿಳಿತ ಕಳೆದು ಎರಡು ಗಂಟೆ ಕಣ್ಣು ಮುಚ್ಚಿದ ಬೆಂಗಳೂರಿಗ, ತನ್ನ ದೇಹಕ್ಕೆ ಇನ್ನೂ ಬೆಳಗಿನ ಜಾವ ನಾಲ್ಕಾಗಿರುವಾಗ ವಲಸೆ ಅಧಿಕಾರಿಯ ಮುಂದೆ ನಿಂತು ಹೆಬ್ಬೆರಳು ಒತ್ತುತ್ತಿರುತ್ತಾನೆ.

ಇನ್ನು ಆ ನಾಲ್ಕು ಗಂಟೆ ಹತ್ತು ನಿಮಿಷ ಎಂಬುದೇನು? ವಿಮಾನ ನೆಲ ಬಿಟ್ಟು ನೆಲ ಮುಟ್ಟುವ ಹೊತ್ತಲ್ಲ ಅದು. ಚಕ್ರಕ್ಕೆ ಕೊಟ್ಟ ಅಡೆ ತೆಗೆದು ವಿಮಾನ ಜಾಗ ಬಿಟ್ಟ ಕ್ಷಣದಿಂದ, ಇಳಿದ ನಿಲ್ದಾಣದಲ್ಲಿ ಮತ್ತೆ ಚಕ್ರಕ್ಕೆ ಅಡೆ ಕೊಡುವವರೆಗಿನ ಹೊತ್ತು. ವಿಮಾನದವರು ಬ್ಲಾಕ್ ಟೈಮ್ ಎನ್ನುವುದು ಇದಕ್ಕೆ. ದೂರವನ್ನು ವೇಗದಿಂದ ಭಾಗಿಸಿದರೆ ಈ ಅಂಕಿ ಸಿಗದು. ಗಂಟೆಗೆ 840 ಕಿ.ಮೀ. ವೇಗ ಹಿಡಿದು 2,880ನ್ನು ಭಾಗಿಸಿ ನೋಡಿ, ಮೂರು ಗಂಟೆ ಇಪ್ಪತ್ತಾರು ನಿಮಿಷ ಬರುತ್ತದೆ. ಉಳಿದದ್ದು ರನ್‌ವೇವರೆಗೆ ತೆವಳುವುದಕ್ಕೆ, ಸರದಿಗೆ ಕಾಯುವುದಕ್ಕೆ, ಏರುವಾಗಿನ ಇಳಿಯುವಾಗಿನ ಕಡಿಮೆ ವೇಗಕ್ಕೆ, ಆಕಾಶದ ರಸ್ತೆಯ ಸುತ್ತಿಗೆ. ದೂರ ಲೆಕ್ಕ ಹಾಕಿಕೊಡುವ ಆ್ಯಪ್‌ಗಳಲ್ಲಿ ಹಲವು ಅಂದಾಜು ವೇಗದಿಂದ ಭಾಗಿಸಿ ಮೇಲೊಂದು ಅರ್ಧ ಗಂಟೆ ಸೇರಿಸುತ್ತವೆ, ಅಷ್ಟೇ. ಈ ದಾರಿಯಲ್ಲಿ ಆ ಅಂದಾಜು ಸತ್ಯಕ್ಕೆ ಹತ್ತಿರವೇ ಬೀಳುತ್ತದೆ.

ವಿಮಾನದ ಜಾತಿಯೂ ಸ್ವಲ್ಪ ಲೆಕ್ಕಕ್ಕಿದೆ. ಅಗಲದ ಹೊಟ್ಟೆಯ ಎ330 ಶಬ್ದದ ವೇಗದ ನೂರರಲ್ಲಿ 82 ಪಾಲು ವೇಗದಲ್ಲಿ ಓಡುತ್ತದೆ, ಸಣ್ಣ ಎ320 ಅಥವಾ 737 ಸುಮಾರು 78ರಲ್ಲಿ. ಇಷ್ಟು ದೂರಕ್ಕೆ ಅದರಿಂದ ಉಳಿಯುವುದು ಎಂಟು ಹತ್ತು ನಿಮಿಷ. ಅದಕ್ಕಾಗಿ ಹೆಚ್ಚು ಹಣ ಕೊಡಬೇಕಿಲ್ಲ. ಇದರ ಮೇಲೆ ವಿಮಾನ ಕಂಪನಿಗಳು ವೇಳಾಪಟ್ಟಿಯಲ್ಲಿ ತಮ್ಮದೊಂದು ಮೆತ್ತೆಯನ್ನೂ ಸೇರಿಸಿಕೊಳ್ಳುತ್ತವೆ. ನಿಗದಿಯ ಸಮಯದಿಂದ 15 ನಿಮಿಷದೊಳಗೆ ಬಂದರೆ ಸಮಯಕ್ಕೆ ಸರಿಯಾಗಿ ಬಂದಂತೆ ಎಂಬುದು ಈ ಉದ್ಯಮದ ರೂಢಿ. ಮೆತ್ತೆ ದಪ್ಪವಿದ್ದಷ್ಟೂ ಅಂಕಪಟ್ಟಿ ಚೆನ್ನ. "ನಾವು ಇಪ್ಪತ್ತು ನಿಮಿಷ ಮುಂಚೆಯೇ ತಲುಪಿದ್ದೇವೆ" ಎಂದು ಕ್ಯಾಪ್ಟನ್ ಹೇಳಿದಾಗ ಚಪ್ಪಾಳೆ ತಟ್ಟುವ ಮೊದಲು ಇದು ನೆನಪಿರಲಿ.

ಗಾಳಿಯ ಆಟ ಮಾತ್ರ ನಿಜವಾದ ಆಟ. ಲಂಡನ್ನಿಗೆ ಹೋದವರಿಗೆ ಗೊತ್ತು, ಹೋಗುವಾಗ ಹೊತ್ತು ಜಾಸ್ತಿ, ಬರುವಾಗ ಕಡಿಮೆ. ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಗಾಳಿಯ ಕೃಪೆ. ಅದೇ ನಿಯಮ ಕೌಲಾಲಂಪುರಕ್ಕೂ ಹೊಂದುತ್ತದೆ, ಪೂರ್ವಕ್ಕೆ ಹೋಗುವಾಗ ಬೇಗ ಎಂದುಕೊಂಡರೆ ತಪ್ಪುತ್ತದೆ. ಆ ಪಶ್ಚಿಮದ ಗಾಳಿ ಚಳಿಗಾಲದಲ್ಲಿ ಉತ್ತರ ಭಾರತದ ಮೇಲಿರುತ್ತದೆ, ನಮ್ಮ ಈ ದಕ್ಷಿಣದ ಗೆರೆಯವರೆಗೆ ಇಳಿಯುವುದಿಲ್ಲ. ಬದಲಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಕೆಳಗೆ ನೈರುತ್ಯ ಮುಂಗಾರು ಬೀಸುತ್ತಿರುವಾಗ, ಮೇಲೆ ಅದಕ್ಕೆ ವಿರುದ್ಧವಾಗಿ ಪೂರ್ವದಿಂದ ಪಶ್ಚಿಮಕ್ಕೆ ಒಂದು ಗಾಳಿ ಓಡುತ್ತದೆ. ಉಷ್ಣವಲಯದ ಪೂರ್ವದ ಜೆಟ್ ಅದು. ಭಾರತದ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ 1958ರಲ್ಲಿ ಅದರ ಬಗ್ಗೆ ಬರೆದ ಪ್ರಬಂಧವನ್ನು ಜಗತ್ತಿನ ಹವಾಮಾನದವರು ಇಂದಿಗೂ ಉಲ್ಲೇಖಿಸುತ್ತಾರೆ. ಆ ಗಾಳಿಯ ಬಿರುಸು ಅತಿ ಹೆಚ್ಚಿರುವುದು 14ರಿಂದ 16 ಕಿ.ಮೀ. ಎತ್ತರದಲ್ಲಿ, ವಿಮಾನ ಹಾರುವುದು 11–12 ಕಿ.ಮೀ.ನಲ್ಲಿ. ಆದರೂ ಅದರ ಅಂಚು ತಾಗುತ್ತದೆ. ಎದುರುಗಾಳಿ ಗಂಟೆಗೆ 60 ಕಿ.ಮೀ. ಎಂದಿಟ್ಟುಕೊಳ್ಳಿ, ಸಮತಟ್ಟಾಗಿ ಹಾರುವ 2,400 ಕಿ.ಮೀ.ಗೆ ಹದಿಮೂರು ನಿಮಿಷ ಹೆಚ್ಚಾಗುತ್ತದೆ. ಅದೇ ಗಾಳಿ ಬೆನ್ನಿಗೆ ಬಿದ್ದರೆ ಹನ್ನೊಂದು ನಿಮಿಷ ಉಳಿಯುತ್ತದೆ. ಅಂದರೆ ಮಳೆಗಾಲದಲ್ಲಿ ಮನೆಗೆ ಬರುವ ದಾರಿ ಚಿಕ್ಕದು, ವಾಪಸ್ಸು ಕೆಲಸಕ್ಕೆ ಹೋಗುವ ದಾರಿ ದೊಡ್ಡದು. ಇದಕ್ಕೆ ಮಾತ್ರ ಸರ್ಕಾರವನ್ನು ದೂರುವಂತಿಲ್ಲ.

ಮುಂಗಾರಿನ ದಿನಗಳಲ್ಲಿ ಬಂಗಾಳ ಕೊಲ್ಲಿಯ ಮೇಲೆ ಮೋಡಗಳು ವಿಮಾನಕ್ಕಿಂತ ಎತ್ತರಕ್ಕೆ ಎದ್ದು ನಿಲ್ಲುತ್ತವೆ. ಅವುಗಳನ್ನು ಬಳಸಿಕೊಂಡೇ ಹೋಗಬೇಕು. ಮಲಾಕ್ಕಾ ಜಲಸಂಧಿಯ ಕಡೆಯಿಂದ ಬೆಳಗಿನ ಜಾವ ಸಾಲುಗಟ್ಟಿ ಬರುವ ಗುಡುಗು ಮಳೆಗೆ ಆ ಭಾಗದಲ್ಲಿ ‘ಸುಮಾತ್ರಾ’ ಎಂದೇ ಹೆಸರು. ರಾತ್ರಿ ವಿಮಾನಗಳು ಇಳಿಯುವ ಹೊತ್ತಿಗೇ ಅದು ಬಂದರೆ ಆಕಾಶದಲ್ಲಿ ಗಿರಕಿ ಹೊಡೆಯುವುದು ತಪ್ಪದು. ಕೊಲ್ಲಿಯ ನಡುವೆ ನೆಲದ ರೇಡಾರಿನ ಕಣ್ಣೂ ತಲುಪುವುದಿಲ್ಲ. ವಿಮಾನಗಳು ಉಪಗ್ರಹದ ಮೂಲಕ ತಾವೆಲ್ಲಿದ್ದೇವೆ ಎಂದು ತಿಳಿಸುತ್ತಾ, ಒಂದರ ಹಿಂದೆ ಒಂದು ಹೆಚ್ಚು ಅಂತರ ಬಿಟ್ಟು ಸಾಗುತ್ತವೆ. 2014ರ ಮಾರ್ಚ್ 8ರಂದು ಸೆಪಾಂಗ್‌ನಿಂದ ಬೀಜಿಂಗ್‌ಗೆ ಹೊರಟ ಎಂಎಚ್370 ದಾರಿ ತಪ್ಪಿ ಹಿಂದಿರುಗಿ, ಕಟ್ಟಕಡೆಗೆ ಸೇನೆಯ ರೇಡಾರಿನಲ್ಲಿ ಕಂಡದ್ದು ಸುಮಾತ್ರಾದ ಉತ್ತರಕ್ಕೆ, ಭಾರತದ ಕಡೆ ಬರುವ ಆಕಾಶದ ರಸ್ತೆಯ ಮೇಲೆ. ಆಮೇಲೆ ಅಂತರರಾಷ್ಟ್ರೀಯ ನಿಯಮ ಬಿಗಿಯಾಯಿತು: 2018ರ ನವೆಂಬರ್‌ನಿಂದ ಸಾಗರದ ಮೇಲೆ ಹಾರುವ ದೊಡ್ಡ ವಿಮಾನಗಳು ಹದಿನೈದು ನಿಮಿಷಕ್ಕೊಮ್ಮೆಯಾದರೂ ತಮ್ಮ ಜಾಗ ತಿಳಿಸಬೇಕು.

ಒಟ್ಟಿನಲ್ಲಿ ಆಕಾಶದ ಹೊತ್ತಿನ ಬಗ್ಗೆ ನನಗೆ ದೂರಿಲ್ಲ. ಚೆನ್ನೈ, ನಾಗಪಟ್ಟಣಗಳಿಂದ ಪೆನಾಂಗ್, ಪೋರ್ಟ್ ಸ್ವೆಟೆನ್‌ಹ್ಯಾಮ್‌ಗೆ (ಈಗಿನ ಪೋರ್ಟ್ ಕ್ಲಾಂಗ್) 1926ರಿಂದ ‘ರಜುಲಾ’ ಹಡಗು ಓಡಾಡುತ್ತಿತ್ತು. ರಬ್ಬರ್ ತೋಟಗಳಿಗೆ ದುಡಿಯಲು ಹೋದ ದಕ್ಷಿಣದ ಸಾವಿರಾರು ಜನ ಅದರ ಡೆಕ್ಕಿನ ಮೇಲೆ ಒಂದು ವಾರದ ಆಸುಪಾಸು ಕಳೆದು ಅದೇ ನಿಕೋಬಾರ್–ಸುಮಾತ್ರಾ ಕಂಡಿಯ ಮೂಲಕ ಮಲಯ ಸೇರುತ್ತಿದ್ದರು. ಸೈಬರ್‌ಜಯಾದ ಪಕ್ಕದ ಪುತ್ರಜಯಾ, ಇಂದಿನ ಆಡಳಿತ ನಗರ, ಎದ್ದದ್ದು ಅಂಥದ್ದೇ ಒಂದು ತೋಟದ ಮೇಲೆ. ಅದರ ಹೆಸರು ಪ್ರಾಂಗ್ ಬೆಸಾರ್. ವಾರದ ದಾರಿ ನಾಲ್ಕು ಗಂಟೆಗೆ ಇಳಿಯಿತು. ಅರ್ಧ ಶತಮಾನದಿಂದ ಅದು ಮತ್ತೆ ಇಳಿದಿಲ್ಲ, ಇಳಿಯುವ ಲಕ್ಷಣವೂ ಇಲ್ಲ, ಏಕೆಂದರೆ ಜೆಟ್ ವಿಮಾನಗಳ ವೇಗ ಆಗ ಎಷ್ಟಿತ್ತೋ ಈಗಲೂ ಅಷ್ಟೇ.

ದೂರಿರುವುದು ನೆಲದ ಹೊತ್ತಿನ ಬಗ್ಗೆ. ಅಲ್ಲಿಗೂ ಇಲ್ಲಿಗೂ ಹೋಲಿಕೆ ತಾನಾಗಿಯೇ ಬರುತ್ತದೆ. ಕೌಲಾಲಂಪುರದ ಹಳೆಯ ನಿಲ್ದಾಣ ಸುಬಾಂಗ್‌ನಲ್ಲಿತ್ತು, ಊರಿಗೆ ಹತ್ತಿರ. 1998ರ ಜೂನ್‌ನಲ್ಲಿ ಅದನ್ನು ದೂರದ ಸೆಪಾಂಗ್‌ಗೆ ಒಯ್ದರು. ಹತ್ತು ವರ್ಷದ ನಂತರ, 2008ರ ಮೇ 24ರಂದು, ನಾವು ಎಚ್‌ಎಎಲ್ ನಿಲ್ದಾಣ ಬಿಟ್ಟು ದೇವನಹಳ್ಳಿಗೆ ಹೋದೆವು. ಎರಡೂ ಕಡೆ ನಿಲ್ದಾಣದ ಮೂರಕ್ಷರದ ಸಂಕೇತ ಹೊಸ ಜಾಗಕ್ಕೆ ಸಾಗಿತು, ಎರಡೂ ಕಡೆ ಊರಿನವರು ಗೊಣಗಿದರು. ವ್ಯತ್ಯಾಸ ಮುಂದಿನದರಲ್ಲಿದೆ. ಕೌಲಾಲಂಪುರದವರು ನಾಲ್ಕೇ ವರ್ಷದಲ್ಲಿ, 2002ರ ಏಪ್ರಿಲ್‌ಗೆ, ರೈಲು ಓಡಿಸಿದರು. ಊರಿನ ಮುಖ್ಯ ರೈಲು ನಿಲ್ದಾಣ ಕೆಎಲ್ ಸೆಂಟ್ರಲ್‌ನಿಂದ 57 ಕಿ.ಮೀ., ಎಲ್ಲೂ ನಿಲ್ಲದೆ 28 ನಿಮಿಷ. ಅದೇ ಹಳಿಯ ಮೇಲೆ ನಿಂತು ಹೋಗುವ ಇನ್ನೊಂದು ರೈಲು ಪುತ್ರಜಯಾ–ಸೈಬರ್‌ಜಯಾ ನಿಲ್ದಾಣದಲ್ಲಿ ಜನರನ್ನು ಹತ್ತಿಸಿಕೊಂಡು ಇಪ್ಪತ್ತು ನಿಮಿಷದೊಳಗೆ ವಿಮಾನ ನಿಲ್ದಾಣ ಮುಟ್ಟಿಸುತ್ತದೆ. ಟ್ಯಾಕ್ಸಿಯಲ್ಲಾದರೂ ಸೈಬರ್‌ಜಯಾಗೆ ಅರ್ಧ ಗಂಟೆ. ಇದು ಅದೃಷ್ಟವಲ್ಲ. 1996ರಲ್ಲಿ ಮಲೇಷ್ಯಾ ತನ್ನ ಮಲ್ಟಿಮೀಡಿಯಾ ಸೂಪರ್ ಕಾರಿಡಾರ್ ಘೋಷಿಸಿದಾಗ ನಕಾಶೆಯ ಮೇಲೆ ಐವತ್ತು ಕಿ.ಮೀ. ಉದ್ದ, ಹದಿನೈದು ಕಿ.ಮೀ. ಅಗಲದ ಒಂದು ಪಟ್ಟಿ ಎಳೆಯಿತು. ಅದರ ಒಂದು ತುದಿ ಪೆಟ್ರೊನಾಸ್ ಅವಳಿ ಗೋಪುರ, ಇನ್ನೊಂದು ತುದಿ ವಿಮಾನ ನಿಲ್ದಾಣ. ನಡುವೆ 1997ರಲ್ಲಿ ಸೈಬರ್‌ಜಯಾ ಹುಟ್ಟಿತು. ಐಟಿ ಊರನ್ನು ವಿಮಾನ ನಿಲ್ದಾಣದ ಲೆಕ್ಕ ಹಿಡಿದೇ ಇಟ್ಟರು.

ನಮ್ಮ ಎಲೆಕ್ಟ್ರಾನಿಕ್ ಸಿಟಿ ಊರಿನ ದಕ್ಷಿಣದ ತುದಿಯಲ್ಲಿ, ವಿಮಾನ ನಿಲ್ದಾಣ ಉತ್ತರದ ತುದಿಯಲ್ಲಿ, ನಡುವೆ ಸಿಲ್ಕ್ ಬೋರ್ಡ್ ಮತ್ತು ಹೆಬ್ಬಾಳ. ಸಂಜೆ ಹೊರಟರೆ ಎರಡು ಗಂಟೆಗೆ ತಲುಪಿದವರು ಪುಣ್ಯವಂತರು. 2021ರ ಜನವರಿಯಿಂದ ಹತ್ತಿರದಲ್ಲೊಂದು ರೈಲು ನಿಲ್ದಾಣವೇನೋ ಇದೆ, ಅಲ್ಲಿ ನಿಲ್ಲುವ ರೈಲುಗಳು ಬೆರಳೆಣಿಕೆ. ಮೆಟ್ರೊ ಕಂಬಗಳು ಬಳ್ಳಾರಿ ರಸ್ತೆಯುದ್ದಕ್ಕೂ ಎದ್ದಿವೆ. ನಿಲ್ದಾಣ ಶುರುವಾದ ಎಷ್ಟೋ ವರ್ಷಗಳ ಮೇಲೆ. ಇಷ್ಟರ ನಡುವೆ ವಾಯುವಜ್ರ ಬಸ್ಸುಗಳೇ ಊರಿನ ಮಾನ ಉಳಿಸಿವೆ ಎಂದರೆ ಉತ್ಪ್ರೇಕ್ಷೆಯಲ್ಲ. ಮೈಸೂರಿನವರ ಪಾಡು ಇನ್ನೂ ಚೆಂದ. 2013ರಿಂದ ಕೆಎಸ್‌ಆರ್‌ಟಿಸಿಯ ಫ್ಲೈಬಸ್ ಅವರನ್ನು ನೇರ ದೇವನಹಳ್ಳಿಗೆ ಕರೆತರುತ್ತದೆ. ಒಳ್ಳೆಯ ಬಸ್ಸು, ಆದರೆ ಆ ದಾರಿಗೆ ಹಿಡಿಯುವುದು ನಾಲ್ಕು ಗಂಟೆಯ ಆಸುಪಾಸು. ಮೈಸೂರಿನಿಂದ ದೇವನಹಳ್ಳಿಗೂ ದೇವನಹಳ್ಳಿಯಿಂದ ಮಲೇಷ್ಯಾಕ್ಕೂ ಒಂದೇ ಹೊತ್ತು!

ಹಾಗಾಗಿ ಮನೆಯಿಂದ ಮನೆಗೆ ಲೆಕ್ಕ ಹಾಕಿದರೆ ಜಯನಗರದವರಿಗೆ ಸೈಬರ್‌ಜಯಾ ಹತ್ತು ಗಂಟೆಯ ದಾರಿ. ರಸ್ತೆಗೆ ಒಂದೂವರೆಯಿಂದ ಎರಡು, ನಿಲ್ದಾಣದಲ್ಲಿ ಚೆಕ್‌ಇನ್, ವಲಸೆ ತಪಾಸಣೆ, ಭದ್ರತೆ ಎಂದು ಮೂರು, ವಿಮಾನಕ್ಕೆ ನಾಲ್ಕು ಚಿಲ್ಲರೆ, ಇಳಿದ ಮೇಲೆ ಮುಕ್ಕಾಲು ಗಂಟೆಯಿಂದ ಒಂದು, ಕೊನೆಗೆ ಟ್ಯಾಕ್ಸಿಗೆ ಅರ್ಧ. ಅಜ್ಜಿಗೆ ನಾಲ್ಕು ಗಂಟೆ ಎಂದು ಹೇಳಿದ್ದು ಸುಳ್ಳಲ್ಲ, ಆದರೆ ಪ್ರಯಾಣದ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಹೇಳದೆ ಬಿಟ್ಟಂತಾಯಿತು. ಗಂಟೆಗೆ 840 ಕಿ.ಮೀ. ಓಡುವ ಯಂತ್ರಕ್ಕೆ ಇನ್ನಷ್ಟು ವೇಗ ಕೂಡಿಸುವುದು ಕಷ್ಟ, ಹೆಬ್ಬಾಳದಲ್ಲಿ ಹತ್ತು ಕಿ.ಮೀ. ವೇಗದಲ್ಲಿ ತೆವಳುವ ಕಾರಿನ ಬದಲು ರೈಲು ಕೊಡುವುದು ಅಷ್ಟು ಕಷ್ಟವಲ್ಲ. ಕಿಲೋಮೀಟರ್ ಲೆಕ್ಕದಲ್ಲಿ ನೋಡಿದರೆ ಇಡೀ ದಾರಿಯ ಅತಿ ದುಬಾರಿ ಭಾಗ ಅದೇ, ದುಡ್ಡಿನಲ್ಲೂ ಹೊತ್ತಿನಲ್ಲೂ.

ಹೋಗುವವರಿಗೆ ಒಂದೆರಡು ಮಾತು. 2023ರ ಡಿಸೆಂಬರ್‌ನಿಂದ ಭಾರತೀಯ ಪ್ರವಾಸಿಗರಿಗೆ 30 ದಿನಗಳವರೆಗೆ ಮಲೇಷ್ಯಾ ವೀಸಾ ಕೇಳುತ್ತಿಲ್ಲ. ಆದರೂ ಟಿಕೆಟ್ ಕೊಳ್ಳುವ ಮೊದಲು ಆ ಸೌಲಭ್ಯ ಜಾರಿಯಲ್ಲಿದೆಯೇ ನೋಡಿಕೊಳ್ಳಿ. ತಲುಪುವ ಮೂರು ದಿನದೊಳಗೆ ಅಲ್ಲಿನ ಡಿಜಿಟಲ್ ಆಗಮನ ಕಾರ್ಡನ್ನು ಫೋನಿನಲ್ಲೇ ತುಂಬಿಸಿ, ಅದು ಪುಕ್ಕಟೆ. ಮಲೇಷ್ಯಾ ಏರ್‌ಲೈನ್ಸ್ ಇಳಿಯುವುದು ಮೊದಲನೆಯ ಟರ್ಮಿನಲ್‌ನಲ್ಲಿ, ಏರ್‌ಏಷ್ಯಾ ಎರಡನೆಯದರಲ್ಲಿ. ಕರೆದುಕೊಳ್ಳಲು ಬರುವವರಿಗೆ ಮೊದಲೇ ತಿಳಿಸಿ. ಮತ್ತೆ ಊರಲ್ಲಿ ಉಳಿದ ಅಪ್ಪ ಅಮ್ಮಂದಿರು ಊಟ ಮುಗಿಸಿ ಒಂಬತ್ತೂವರೆಗೆ ಫೋನ್ ಮಾಡುವ ರೂಢಿಯನ್ನು ಏಳಕ್ಕೆ ತಂದುಕೊಳ್ಳುವುದು ಒಳ್ಳೆಯದು. ಬೆಂಗಳೂರಿನ ಒಂಬತ್ತೂವರೆಗೆ ಸೈಬರ್‌ಜಯಾದಲ್ಲಿ ನಡುರಾತ್ರಿ ಹನ್ನೆರಡು.